ಸಹಾಯ ಬೇಕು: ಅನ್ಯಭಾಷೆಯ ಅನುಭವದ ಬಗ್ಗೆ ಪತ್ರಕರ್ತರ ಬರಹಗಳು

ಎಲ್ಲರಿಗೂ ನಮಸ್ಕಾರ. ಕರಿಸ್ಮ್ಯಾಟಿಕ್ ಕ್ರೈಸ್ತರ (ಪವಿತ್ರಾತ್ಮನ ವರಗಳು ಇಂದಿಗೂ ಸಿಗುತ್ತವೆ ಅಂತ ನಂಬುವವರು) ಆತ್ಮಾನುಭವಗಳನ್ನು, ಮುಖ್ಯವಾಗಿ ಅನ್ಯಭಾಷೆಯಲ್ಲಿ ಮಾತಾಡುವುದನ್ನು, ಅಂದರೆ ಪ್ರಾರ್ಥನೆಯಲ್ಲಿ ತಾವು ಕಲಿಯದ ಮಾತುಗಳು ಬಾಯಿಂದ ಹೊರಡುವುದನ್ನು, ಪತ್ರಕರ್ತರು ಹೇಗೆ ಬರೆದಿದ್ದಾರೆ ಅಂತ ಓದುತ್ತಿದ್ದೇನೆ. 1906ರಲ್ಲಿ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯಲ್ಲಿ ಬೋಧಕ ವಿಲಿಯಂ ಸೆಮೋರ್ ನಡೆಸಿದ ಇಂಥ ಪ್ರಾರ್ಥನಾ ಸಭೆಗಳನ್ನು ಅಲ್ಲಿನ ಪತ್ರಿಕೆ ಹುಚ್ಚಾಟವೆಂದು ಗೇಲಿ ಮಾಡಿತ್ತು. ಕರಿಯರು, ಬಿಳಿಯರು ಒಟ್ಟಿಗೆ ಕೂತು ಪ್ರಾರ್ಥಿಸಿದ್ದೇ ಆ ಕಾಲಕ್ಕೆ ದೊಡ್ಡ ಸುದ್ದಿ ಅಲ್ಲವೇ? ಇನ್ನೊಂದು ತುದಿಯಲ್ಲಿ ಅಮೆರಿಕದ ಪತ್ರಕರ್ತ ಜಾನ್ ಶೆರಿಲ್. ಅನುಮಾನದಿಂದಲೇ ಹೊರಟು, ಕೊನೆಗೆ ತಾವೇ ಆ ಅನುಭವ ಪಡೆದವರು. ಅವರ ಪುಸ್ತಕ ಬಂದದ್ದು 1964ರಲ್ಲಿ.

ನನಗೆ ಬೇಕಿರುವುದು ಇವೆರಡರ ನಡುವಿನದು: ಸಭೆಯಲ್ಲಿ ಕೂತು, ನಂಬಿದವರ ಮಾತನ್ನು ಮರ್ಯಾದೆಯಿಂದ ಕೇಳಿ, ಪ್ರಶ್ನೆಯನ್ನೂ ಬಿಡದ ವರದಿ. ಗೊತ್ತಿದ್ದವರು ದಯವಿಟ್ಟು ತಿಳಿಸಿ. ಸ್ವತಃ ಅನುಭವ ಇರುವವರು, ಆಗ ನಾಲಿಗೆ ನಿಮ್ಮ ಹಿಡಿತದಲ್ಲಿರುತ್ತದೆಯೇ, ಬೇಕೆಂದಾಗ ನಿಲ್ಲಿಸಬಹುದೇ ಅಂತ ಬರೆದರೆ ತುಂಬಾ ಉಪಕಾರವಾಗುತ್ತದೆ.