ರಾಜ್ಯೋತ್ಸವದ ಸನ್ಮಾನದ ಬಗ್ಗೆ: ಸಮಿತಿಯವರಿಗೆ ನನ್ನದೊಂದು ಉದ್ದದ ಉತ್ತರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಇಟ್ಕೊಂಡೇ ಓದಿ.

ಈ ಸಲದ ರಾಜ್ಯೋತ್ಸವಕ್ಕೆ ಬೆಂಕಿ ಆರಿಸುವವರು, ಆಂಬುಲೆನ್ಸ್‌ನವರು, ನರ್ಸ್‌ಗಳು, ಒಬ್ಬ ನಿವೃತ್ತ ಸೈನಿಕರು, ಹೀಗೆ ಐದಾರು ಜನರನ್ನು ವೇದಿಕೆಗೆ ಕರೆದು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಡೋಣ ಅಂತ ನಮ್ಮ ಕನ್ನಡ ಗುಂಪಿನ ಸಮಿತಿಯವರು ಬರೆದಿದ್ದಾರಲ್ಲ. ಇಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಹುಟ್ಟಿ ಬೆಳೀತಿರೋ ನಮ್ಮ ಮಕ್ಕಳಿಗೂ ಉಪಕಾರ ನೆನೆಯೋದು ಅಂದ್ರೇನು ಅಂತ ಗೊತ್ತಾಗಲಿ ಅನ್ನೋದು ಅವರ ಉದ್ದೇಶ. ಒಳ್ಳೇದೇ. ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳೂ ಬಿದ್ದಾಯ್ತು. ನನಗೊಬ್ಬಳಿಗೆ ಯಾಕೆ ಕಸಿವಿಸಿ ಅಂತ ಹೇಳ್ತೀನಿ.

ಎರಡು ವರ್ಷದ ಹಿಂದೆ ಬೇರೊಂದು ಕಾರ್ಯಕ್ರಮದಲ್ಲಿ ಇಂಥದ್ದೇ ಸನ್ಮಾನಕ್ಕೆ ನಾನೂ ಓಡಾಡಿದ್ದೆ. ನಮ್ಮ ಕಡೆಯ ರೂರಲ್ ಫೈರ್ ಸರ್ವೀಸ್ (ಕಾಡ್ಗಿಚ್ಚು ಆರಿಸೋ ಪಡೆ) ಬ್ರಿಗೇಡಿನ ಕ್ಯಾಪ್ಟನ್‌ರನ್ನ ಕರೆದಿದ್ವಿ. ಅರವತ್ತರ ಹತ್ತಿರದ ಮನುಷ್ಯ, ಹೊಟ್ಟೆಪಾಡಿಗೆ ಪ್ಲಂಬರ್. ಆರಕ್ಕೆ ಬನ್ನಿ ಅಂದಿದ್ವಿ, ಹತ್ತು ನಿಮಿಷ ಮುಂಚೆಯೇ ಇಸ್ತ್ರಿ ಮಾಡಿದ ಯೂನಿಫಾರ್ಮಲ್ಲಿ ಬಂದು ಮುಂದಿನ ಸಾಲಲ್ಲಿ ಕೂತ್ರು. ನಮ್ಮದು ಗೊತ್ತಲ್ಲ, ಏಳಕ್ಕೆ ದೀಪ ಹಚ್ಚಿದ್ದು. ನಾಡಗೀತೆ, ಸ್ವಾಗತ, ಪ್ರಾಯೋಜಕರ ಭಾಷಣ, ಕೋಲಾಟ, ಮತ್ತೆ ಭಾಷಣ. ಅವರ ಸರದಿ ಬಂದಾಗ ಎಂಟೂಮುಕ್ಕಾಲು. ಪೇಟ ಚಿಕ್ಕದಾಯ್ತು, ಬೀಳದ ಹಾಗೆ ಹಿಂದಿನಿಂದ ಒಬ್ಬರು ಹಿಡ್ಕೊಂಡು ನಿಂತ್ರು. ಪರಿಚಯ ಓದಿದವರು ಅವರ ಹೆಸರನ್ನ ಮೂರು ಥರ ಹೇಳಿದ್ರು. ಹಾರ ಹಾಕೋ ಹೊತ್ತಿಗೆ ಜೇಬಿನ ಫೋನು ಕಿರುಚಿಕೊಳ್ತು. ಅವರು ಪೇಟಾನ ಎರಡೂ ಕೈಯಲ್ಲಿ ತೆಗೆದು ಜೋಪಾನವಾಗಿ ಕುರ್ಚಿ ಮೇಲಿಟ್ಟು, ಸಾರಿ ಅಂತ ಹೇಳಿ, ಹಾರದ ಸಮೇತ ಓಡಿದ್ರು. ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ ಇಲ್ಲಿ ಕಾಡ್ಗಿಚ್ಚಿನ ಕಾಲ. ನಮ್ಮ ರಾಜ್ಯೋತ್ಸವ ಬೀಳೋದು ಅದರೊಳಗೇ.

ಹಣ್ಣಿನ ಬುಟ್ಟಿ ಅಲ್ಲೇ ಉಳಿದಿತ್ತು. ಮಾರನೇ ದಿನ ಕೊಟ್ಟುಬರೋಣ ಅಂತ ಮಗನನ್ನೂ ಕರ್ಕೊಂಡು ಸ್ಟೇಷನ್‌ಗೆ ಹೋದೆ. ಸ್ಟೇಷನ್ ಅಂದ್ರೆ ತಗಡಿನ ಶೆಡ್ಡು, ಎರಡು ಲಾರಿ. ಗೋಡೆಯುದ್ದಕ್ಕೂ ಹಳದಿ ಕೋಟು, ಒಂದೊಂದರ ಕೆಳಗೂ ಬೂಟು. ಒಳಗೆಲ್ಲ ನಮ್ಮಜ್ಜಿ ಮನೆ ಬಚ್ಚಲ ಒಲೆಯ ವಾಸನೆ. ಕ್ಯಾಪ್ಟನ್ ಅಂಗಳದಲ್ಲಿ ಹೋಸ್ ಪೈಪು ಉದ್ದಕ್ಕೆ ಹಾಸಿ ಮಸಿ ಉಜ್ಜುತ್ತಿದ್ರು. ರಾತ್ರಿ ಹುಲ್ಲಿಗೆ ಬೆಂಕಿ ಬಿದ್ದಿತ್ತಂತೆ, ಮಲಗಿದಾಗ ಮೂರು ಗಂಟೆ. ಬುಟ್ಟಿ ಇಸ್ಕೊಂಡು ಥ್ಯಾಂಕ್ಸ್ ಅಂದವರೇ ನನ್ನ ಮಗನ ಕೈಗೊಂದು ಬ್ರಷ್ ಕೊಟ್ರು. ಮುಕ್ಕಾಲು ಗಂಟೆ ಇಬ್ಬರೂ ಉಜ್ಜಿದ್ರು. ವೇದಿಕೆ ಮೇಲಿನ ಸನ್ಮಾನ ನೋಡುವಾಗ ಆಕಳಿಸಿ ನನ್ನ ತೊಡೆ ಮೇಲೆ ಮಲಗಿದ್ದ ಹುಡುಗ ಇವನೇ. ಅವತ್ತಿನಿಂದ ಸೈರನ್ ಕೇಳಿದ್ರೆ ಯಾವ ಲಾರಿ ಅಂತ ನೋಡೋಕೆ ಓಡ್ತಾನೆ.

ಹೊಸದಾಗಿ ಬಂದವರಿಗೆ ಒಂದು ಮಾತು. ಈ ಜನಕ್ಕೆ ಸಂಬಳ ಇಲ್ಲ. ನಮ್ಮ ನ್ಯೂ ಸೌತ್ ವೇಲ್ಸ್ ರಾಜ್ಯ ಒಂದರಲ್ಲೇ 70,000ಕ್ಕೂ ಹೆಚ್ಚು ಜನ ಹೀಗೆ ಬಿಟ್ಟಿ ದುಡಿಯೋರಿದ್ದಾರೆ. ಪ್ಲಂಬರು, ಮೇಷ್ಟ್ರು, ಬ್ಯಾಂಕಿನವರು. 2019–20ರ ಬೇಸಿಗೆಯ ಕಾಡ್ಗಿಚ್ಚಲ್ಲಿ ಈ ರಾಜ್ಯದಲ್ಲೇ 2,448 ಮನೆ ಸುಟ್ಟವು. ಆಗ ನಾವೆಲ್ಲ ಮನೆಯೊಳಗೆ ಕಿಟಕಿ ಸಂದಿಗೆ ಒದ್ದೆ ಟವೆಲ್ ತುರುಕಿ ಕೂತಿದ್ವಿ, ನೆನಪಿದೆಯಲ್ಲ? ಅದೇ ಡಿಸೆಂಬರ್ 19ರ ರಾತ್ರಿ ಬಕ್ಸ್‌ಟನ್ ಹತ್ತಿರ ಮರ ಬಿದ್ದು ಲಾರಿ ಉರುಳಿ ಜೆಫ್ರಿ ಕೀಟನ್, ಆಂಡ್ರ್ಯೂ ಓ'ಡ್ವಯರ್ ಅನ್ನೋ ಇಬ್ಬರು ತೀರಿಹೋದ್ರು. ಇಬ್ಬರಿಗೂ ಎಳೇ ಮಕ್ಕಳು. ಅವರಿದ್ದದ್ದು ಹಾರ್ಸ್‌ಲಿ ಪಾರ್ಕ್ ಬ್ರಿಗೇಡಲ್ಲಿ, ನಮ್ಮಲ್ಲಿ ಅರ್ಧ ಜನಕ್ಕೆ ಅದು ಪಕ್ಕದ ಊರು. ಕೀಟನ್ ಅವರ ಅಂತ್ಯಕ್ರಿಯೆಯಲ್ಲಿ ಇನ್ನೂ ಎರಡು ತುಂಬದ ಮಗನ ಬಾಯಲ್ಲಿ ಚೀಪುವ ನಿಪ್ಪಲ್ಲು, ಎದೆಗೆ ಅಪ್ಪನ ಪದಕ. ಅದನ್ನ ಚುಚ್ಚೋಕೆ ಇಡೀ ಪಡೆಯ ಕಮಿಷನರ್ ಮೊಣಕಾಲೂರಿದ್ರು.

ಅದೇ ಬೆಂಕಿಯ ಹೊತ್ತಲ್ಲಿ ವಿಕ್ಟೋರಿಯಾದ ಬೇರ್ನ್ಸ್‌ಡೇಲಿಗೆ ಹೋಗಿ ಸಿಖ್ಖರು ಏನು ಮಾಡಿದ್ರು ನೋಡಿ. ಮನೆ ಬಿಟ್ಟು ಬಂದವರಿಗೆ ದಿನಾ ಬಿಸಿಬಿಸಿ ಅನ್ನ, ಕಢಿ (ಮಜ್ಜಿಗೆ ಹುಳಿ ಥರದ್ದು) ಬಡಿಸಿದ್ರು. ಶಾಲಿಲ್ಲ, ಭಾಷಣ ಇಲ್ಲ. ನಮಗೇನು ಬಿಸಿಬೇಳೆಬಾತು ಮಾಡೋಕೆ ಬರಲ್ವಾ?

ಮಕ್ಕಳ ವಿಷಯಕ್ಕೆ ಬಂದ್ರೆ, ಥ್ಯಾಂಕ್ಯೂ ಕಾರ್ಡು ಬರೆಸೋದಕ್ಕಿಂತ ಮುಂಚೆ ಇಲ್ಲಿಯ ತುರ್ತು ನಂಬರ್ 000ಗೆ ಫೋನ್ ಹೇಗೆ ಮಾಡೋದು ಅಂತ ಕಲಿಸಿದ್ದೀರಾ? ಮೊದಲು ಕೇಳೋದೇ ಪೊಲೀಸಾ, ಫೈರಾ, ಆಂಬುಲೆನ್ಸಾ ಅಂತ. ಆರು ವರ್ಷದ ಮಗುವಿಗೆ ಮನೆ ವಿಳಾಸ ಇಂಗ್ಲಿಷಲ್ಲಿ ತಡವರಿಸದೆ ಹೇಳೋಕೆ ಬರಬೇಕು. ಅಜ್ಜಿ-ತಾತ ವೀಸಾ ಮೇಲೆ ಬಂದು ಮಕ್ಕಳ ಜೊತೆ ಒಬ್ಬರೇ ಇರ್ತಾರಲ್ಲ, ಅವರಿಗೂ ಹೇಳಿಕೊಡಿ. ಗಾಳಿಗೆ ಹೆಂಚು ಹಾರಿದ್ರೆ, ಚಾವಣಿ ಸೋರಿದ್ರೆ 000 ಅಲ್ಲ, ಗಾಳಿ-ಮಳೆ ಹಾನಿಗೆ ನೆರವಾಗೋ ಎಸ್‌ಇಎಸ್‌ನ 132 500. ರಸ್ತೆ ಪಕ್ಕ ದೀಪ ಮಿನುಗಿಸಿಕೊಂಡು ಪೊಲೀಸ್ ಗಾಡಿಯೋ ಆಂಬುಲೆನ್ಸೋ ನಿಂತಿದ್ರೆ, 80 ಅಥವಾ ಅದಕ್ಕಿಂತ ಕಡಿಮೆ ಮಿತಿಯ ರಸ್ತೆಯಲ್ಲಿ 40ಕ್ಕೆ ಇಳಿಸಿ ದಾಟಬೇಕು ಅಂತ ಈ ರಾಜ್ಯದ ಕಾನೂನೇ ಇದೆ. ನಮ್ಮವರೇ ಒಬ್ಬರು ಹಿಂದಿನಿಂದ ನನಗೆ ಹಾರ್ನ್ ಹೊಡೆದ್ರು, ಕಾರಿನ ಗಾಜಿಗೆ ಕನ್ನಡ ಬಾವುಟ ಬೇರೆ. ಸೆಪ್ಟೆಂಬರಲ್ಲೇ ಚಾವಣಿ ಅಂಚಿನ ಗಟರ್ ಒಳಗಿನ ಒಣ ಎಲೆ ಬಾಚಿ ತೆಗೆದ್ರೆ, ಆ ಕ್ಯಾಪ್ಟನ್‌ಗೆ ನಾಲ್ಕು ಪೇಟ ತೊಡಿಸಿದ್ದಕ್ಕಿಂತ ಸಂತೋಷ ಆಗುತ್ತೆ. ಇದು ನನ್ನ ಊಹೆ ಅಲ್ಲ, ಅವರೇ ಹೇಳಿದ್ದು.

ಇನ್ನು ಸೈನಿಕರು. ಯುದ್ಧದಲ್ಲಿ ಮಡಿದವರನ್ನ ಇಲ್ಲಿ ನೆನೆಯೋ ಏಪ್ರಿಲ್ 25ರ ಆ್ಯನ್‌ಜಾಕ್ ದಿನ ಬೆಳಗಿನ ಜಾವದ ಕಾರ್ಯಕ್ರಮಕ್ಕೆ ನಾವು ಮೂರು ವರ್ಷದಿಂದ ಹೋಗ್ತಿದ್ದೀವಿ. ಚಳಿ, ಕತ್ತಲೆ, ಒಬ್ಬರೂ ಪಿಸುಗುಡಲ್ಲ. ಪದಕ ಎಡಗಡೆ ಇದ್ರೆ ಅದು ತೊಟ್ಟವರದೇ. ಬಲಗಡೆ ಇದ್ರೆ ಮನೆಯ ಹಿರಿಯರದು. ಮಗನ ಕ್ಲಾಸಿನ ಹುಡುಗಿಯೊಬ್ಬಳು ಬಲಗಡೆ ಎರಡು ಪದಕ ತೂಗಿಸಿಕೊಂಡು ಬಂದಿದ್ದಳು. ನಮ್ಮ ಹುಡುಗ ದಾರಿಯುದ್ದಕ್ಕೂ ನಮ್ಮನೇಲಿ ಯಾರ ಪದಕ ಇದೆ ಅಂತ ಕೇಳಿದ್ದೇ ಕೇಳಿದ್ದು. ನಮ್ಮದು ಮೂರು ತಲೆಮಾರಿನ ಶ್ಯಾನುಭೋಗಿಕೆ, ಪದಕ ಎಲ್ಲಿಂದ ತರೋದು? ಆದ್ರೆ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಕಥೆ ಹೇಳಿದೆ. ಮೊದಲನೇ ಮಹಾಯುದ್ಧ, 1918ರ ಸೆಪ್ಟೆಂಬರ್ 23, ಈಗಿನ ಇಸ್ರೇಲಿನ ಹೈಫಾ ಊರು. ಎದುರಿಗೆ ಮೆಷಿನ್ ಗನ್ನು, ಇವರ ಕೈಯಲ್ಲಿ ಈಟಿ, ಕತ್ತಿ. ಜೋಧಪುರದವರ ಜೊತೆ ಮೈಸೂರಿನ ಕುದುರೆ ಸವಾರರು ನುಗ್ಗಿ ಊರು ಗೆದ್ರು. ಇವರ ಬ್ರಿಗೇಡ್ ಇದ್ದದ್ದು ಡೆಸರ್ಟ್ ಮೌಂಟೆಡ್ ಕೋರ್‌ನಲ್ಲಿ, ಆ ಕೋರ್‌ನ ದಂಡನಾಯಕ ಹ್ಯಾರಿ ಶೋವೆಲ್ ಆಸ್ಟ್ರೇಲಿಯದವರು. ಅಂದ್ರೆ ಆ ಹುಡುಗಿಯ ಮುತ್ತಾತ ಆಸ್ಟ್ರೇಲಿಯದ ಕುದುರೆ ಪಡೆ ಲೈಟ್ ಹಾರ್ಸ್‌ನಲ್ಲಿ ಇದ್ದಿದ್ರೆ ಅವರಿಗೂ ನಮ್ಮ ಮೈಸೂರಿನವರಿಗೂ ಆಗ ಒಬ್ಬರೇ ದಂಡನಾಯಕ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ನಾನು ಕಾಲೇಜಿಗೆ ಹೋಗುವಾಗ ಅದರ ಮುಂದೆ ಐದು ವರ್ಷ ಬಸ್ಸಲ್ಲಿ ಓಡಾಡಿದ್ದೀನಿ, ಒಂದು ದಿನ ಇಳಿದು ನೋಡಲಿಲ್ಲ. ಕೊಡಗಿನ ಕಾರ್ಯಪ್ಪನವರು ನಿವೃತ್ತಿ ಆದ ಮೇಲೆ 1953ರಿಂದ 56ರವರೆಗೆ ಇಲ್ಲೇ ಭಾರತದ ಹೈಕಮಿಷನರ್ ಆಗಿದ್ರು ಅನ್ನೋದೂ ಮಕ್ಕಳಿಗೆ ಹೇಳಬಹುದಾದ ವಿಷಯ.

ನನಗೆ ಹೇಳೋಕೆ ಕಷ್ಟ ಆಗೋದು ಮುಂದಿನದು.

ನಮ್ಮಪ್ಪನಿಗೆ ಮೈಸೂರಲ್ಲಿ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಹೋಯ್ತು. ಏಜೆನ್ಸಿಯೊಂದರಿಂದ ನೋಡಿಕೊಳ್ಳೋಕೆ ಒಬ್ಬ ಹುಡುಗ ಬಂದ. ನಾನು ಇಲ್ಲಿಂದ ತಿಂಗಳು ತಿಂಗಳು ದುಡ್ಡು ಹಾಕ್ತಿದ್ದೆ, ವಿಡಿಯೋ ಕಾಲಲ್ಲಿ ಅಪ್ಪನ್ನ ಮಾತಾಡಿಸ್ತಿದ್ದೆ. ಫೋನ್ ಹಿಡಿದಿರೋ ಕೈ ಮಾತ್ರ ಕಾಣ್ತಿತ್ತು. ಅಮ್ಮನ ಬಾಯಲ್ಲಿ ಅವನು 'ಆ ಹುಡುಗ', ನನ್ನ ಬಾಯಲ್ಲಿ 'ಅಟೆಂಡರ್'. ಹದಿನಾಲ್ಕು ತಿಂಗಳು ಹೀಗೇ. ಶಿವರಾತ್ರಿಗೆ ಅವನು ಮಾದಪ್ಪನ ಬೆಟ್ಟಕ್ಕೆ ರಜೆ ಹಾಕಿ ಹೋದ, ಬದಲಿಗೆ ಬಂದವನ ಕೈಲಿ ಅಪ್ಪ ಎರಡು ದಿನ ಊಟ ಮಾಡಲಿಲ್ಲ, ಮೂರನೇ ದಿನ ನೆತ್ತಿಗೇರಿ ಆಸ್ಪತ್ರೆ. ಆಗ ಹುಡುಗನಿಗೆ ನಾನೇ ಫೋನ್ ಮಾಡಿದೆ. ಬೆಟ್ಟದ ಮೇಲಿಂದಲೇ ಹೇಳಿದ: 'ಅಕ್ಕಾ, ತಲೆ ಹಿಂದಕ್ಕೆ ವಾಲಿಸಬಾರದು, ಗದ್ದ ಸ್ವಲ್ಪ ಕೆಳಗಿರ್ಬೇಕು. ಎಡಗಡೆ ದವಡೆಗೆ ತುತ್ತು ಇಡ್ಬೇಕು. ನುಂಗಿದ್ರಾ ಅಂತ ಗಂಟಲು ಮುಟ್ಟಿ ನೋಡಿ ಇನ್ನೊಂದು ತುತ್ತು. ಅಪ್ಪಾಜಿಗೆ ಆತುರ ಮಾಡಿದ್ರೆ ಸಿಟ್ಟು ಬರ್ತದೆ.' ಒಂದು ಊಟಕ್ಕೆ ಮುಕ್ಕಾಲು ಗಂಟೆ, ದಿನಕ್ಕೆ ಮೂರು ಸಲ, ಹದಿನಾಲ್ಕು ತಿಂಗಳು. ಫೋನ್ ಇಡೋ ಮುಂಚೆ ನಿನ್ನ ಹೆಸರೇನಪ್ಪಾ ಅಂತ ಕೇಳಬೇಕಾಯ್ತು. ನನಗೆ ಆದ ನಾಚಿಕೆ ಹೇಳೋಕಾಗಲ್ಲ. ಅಷ್ಟೇ ಅಲ್ಲ, ನಾನು ಆ ಹದಿನಾಲ್ಕು ತಿಂಗಳಲ್ಲೇ ಪ್ಲಂಬರ್ ಕ್ಯಾಪ್ಟನ್‌ಗೆ ಪೇಟ ತೊಡಿಸೋ ಸನ್ಮಾನಕ್ಕೆ ಓಡಾಡಿದವಳು.

ಹಾಗಾಗಿ ನನ್ನ ಸಲಹೆ: ವೇದಿಕೆ ಬೇಡ ಅನ್ನಲ್ಲ, ಕಡಿಮೆ ಮಾಡಿ. ಕರೆಯೋದಾದ್ರೆ ಮಾರ್ಚ್ ಮುಗಿದ ಮೇಲೆ ಮಾಡೋ ಯುಗಾದಿ ಕಾರ್ಯಕ್ರಮಕ್ಕೆ ಕರೆಯಿರಿ, ಬಂದ ಅರ್ಧ ಗಂಟೆಯೊಳಗೆ ಅವರ ಸರದಿ ಮುಗಿಸಿ, ಹೆಸರು ಹೇಗೆ ಉಚ್ಚರಿಸೋದು ಅಂತ ಅವರನ್ನೇ ಕೇಳ್ಕೊಳ್ಳಿ. ಪೊಲೀಸ್, ಆಂಬುಲೆನ್ಸ್‌ನವರು ಸರ್ಕಾರಿ ನೌಕರರು, ಉಡುಗೊರೆ ತಗೊಳ್ಳೋಕೆ ನಿಯಮ ಇರುತ್ತೆ, ಮೊದಲೇ ವಿಚಾರಿಸಿ. ಬುಟ್ಟಿಯ ದುಡ್ಡಲ್ಲಿ ಬ್ರಿಗೇಡಿಗೆ ಒಂದು ಶನಿವಾರ ಊಟ ಹಾಕೋಣ, ಮಕ್ಕಳು ಬಡಿಸಲಿ. ಮತ್ತೆ ನಮ್ಮ ಗುಂಪಲ್ಲೇ ವಯಸ್ಸಾದವರನ್ನ ನೋಡಿಕೊಳ್ಳೋ ಏಜ್ಡ್ ಕೇರಲ್ಲಿ ದುಡಿಯೋರು ಎಷ್ಟು ಜನ ಇದ್ದೀರಿ, ಗೊತ್ತಾ ಯಾರಿಗಾದ್ರೂ?

ಸಮಿತಿಯಿಂದ: ಅಕ್ಕಾ, ಎಲ್ಲಾ ಒಪ್ಪಿದೆ. ಆದ್ರೆ ಹನ್ನೆರಡು ಪೇಟ ಆಗಲೇ ಮೈಸೂರಿಂದ ಹೊರಟಿವೆ, ನಮ್ಮತ್ತೆ ಸೂಟ್‌ಕೇಸಲ್ಲಿ. ಏನು ಮಾಡೋದು ಹೇಳಿ.

ನಾನು: ಕೋಲಾಟದ ಮಕ್ಕಳಿಗೆ ಕಟ್ಟಿ. ಅವಕ್ಕೆ ಸರಿಯಾಗಿ ಕೂರುತ್ತೆ.

ಸಿಡ್ನಿಯ ಲಿವರ್‌ಪೂಲ್ ಕಡೆಯ ಹಿರಿಯರೊಬ್ಬರು: ಅಮ್ಮಾ, ಶಾಲು ಅಂದ್ರೆ ಹಗುರ ಮಾಡಬೇಡಿ. ನಮ್ಮಣ್ಣ ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಇದ್ದು ಊರಿಗೆ ಬಂದ. ಹಾಸನದ ಹತ್ತಿರ ನಮ್ಮೂರ ಶಾಲೆಯವರು ಒಂದು ಆಗಸ್ಟ್ 15ಕ್ಕೆ ಕರೆದು ಇನ್ನೂರು ರೂಪಾಯಿ ಶಾಲು ಹೊದಿಸಿದ್ರು. ಅವನು ಹೋಗಿ ಒಂಬತ್ತು ವರ್ಷ ಆಯ್ತು, ಅತ್ತಿಗೆ ಬೀರುವಲ್ಲಿ ಅದು ಇನ್ನೂ ನುಸಿಗುಳಿಗೆ ಹಾಕಿ ಇಟ್ಟಿದೆ. ನಾಲ್ಕು ಜನರ ಮುಂದೆ ಹೊದಿಸಿದ್ದಕ್ಕೆ ಅದರ ಬೆಲೆ.

ನಾನು: ಸರ್, ತಪ್ಪಾಯ್ತು. ಅಲ್ಲಿ ಹೊದಿಸಿದವರಿಗೆ ಅವರು ಯಾರು ಅಂತ ಗೊತ್ತಿತ್ತು, ಅವರು ಓದಿದ ಶಾಲೆ ಅಲ್ವಾ. ನಮ್ಮ ವೇದಿಕೆ ನೋಡಿ ಬೇಜಾರಾಗಿ ಬರೆದೆ. ನಿಮ್ಮಣ್ಣನವರ ವಿಷಯ ಮಕ್ಕಳಿಗೆ ನೀವೇ ಬಂದು ಹೇಳ್ತೀರಾ? ಹತ್ತೇ ನಿಮಿಷ.

ಶೋಫೀಲ್ಡ್ಸ್‌ನಿಂದ ಒಬ್ಬರು: ಇಲ್ಲಿ ಯಾವತ್ತೂ ಬರೆದವಳಲ್ಲ. ಅಕ್ಕ ಕೇಳಿದ್ರು ಅಂತ ಬರೀತಿದ್ದೀನಿ. ನಾನು ಏಜ್ಡ್ ಕೇರಲ್ಲಿ ಇದ್ದು ಆರು ವರ್ಷ. ದಾವಣಗೆರೆಯಲ್ಲಿ ಅತ್ತೆ ಮನೆಯವರಿಗೆ 'ಆಸ್ಪತ್ರೆ ಕೆಲಸ' ಅಂತ ಹೇಳಿದ್ದೀವಿ. ಕಾರ್ಯಕ್ರಮಗಳಲ್ಲಿ ಯಾರಾದ್ರೂ ಕೇಳಿದ್ರೆ 'ಹೆಲ್ತ್‌ಕೇರ್' ಅಂದು ಮಾತು ತಿರುಗಿಸ್ತೀನಿ. ಇಲ್ಲಿಯ ಗುಂಪಲ್ಲೇ ಒಬ್ಬರು 'ಅಷ್ಟು ಓದಿ ಮುದುಕರ ಕಕ್ಕ ತೊಳೀತಾಳಂತೆ' ಅಂದಿದ್ದು ನನ್ನ ಕಿವಿಗೆ ಬಿದ್ದಿದೆ. ತೊಳೀತೀನಿ. 2023ರ ಜೂನ್ 30ರಿಂದ ನಮಗೆ ನೂರಕ್ಕೆ ಹದಿನೈದು ಸಂಬಳ ಹೆಚ್ಚಾಯ್ತು, ಈ ಕೆಲಸಕ್ಕೆ ಇಷ್ಟು ದಿನ ಕಮ್ಮಿ ಬೆಲೆ ಕಟ್ಟಿದ್ವಿ ಅಂತ ಇಲ್ಲಿಯವರೇ ಒಪ್ಕೊಂಡು ಕೊಟ್ಟಿದ್ದು. ನಮ್ಮ ವಿಂಗಲ್ಲಿ ಒಬ್ಬ ಇಟಲಿಯ ಅಜ್ಜಿ ಇದ್ದಾರೆ. ಅರವತ್ತು ವರ್ಷ ಇಲ್ಲಿದ್ರೂ ಮರೆವಿನ ಕಾಯಿಲೆಯಲ್ಲಿ ಇಂಗ್ಲಿಷ್ ಪೂರ್ತಿ ಹೊರಟುಹೋಗಿದೆ. ಸಂಜೆ ಆದ್ರೆ ಅಕ್ಕನ್ನ ಹುಡುಕ್ತಾ ಬಾಗಿಲು ತಟ್ಟೋಕೆ ಶುರು. ಅವರು ಇಟಾಲಿಯನ್ನಲ್ಲಿ, ನಾನು ಕನ್ನಡದಲ್ಲಿ. 'ಬಾರಜ್ಜಿ, ಕೂತ್ಕೋ, ಬರ್ತಾರೆ' ಅಂದ್ರೆ ಕೂತ್ಕೊತಾರೆ. ನಾನೂ ಒಂದು ದಿನ ಇಂಗ್ಲಿಷ್ ಮರೆತ್ರೆ ಯಾರು ಕನ್ನಡದಲ್ಲಿ ಮಾತಾಡಿಸ್ತಾರೆ ಅಂತ ಒಮ್ಮೊಮ್ಮೆ ಯೋಚನೆ ಬರುತ್ತೆ.

ಶಾಲು ನನಗೆ ಬೇಡ. ರಾಜ್ಯೋತ್ಸವದ ಶನಿವಾರ ನನಗೆ ಮಧ್ಯಾಹ್ನ ಎರಡೂವರೆಯಿಂದ ರಾತ್ರಿ ಹತ್ತೂವರೆ ಶಿಫ್ಟು, ಯಜಮಾನರು ಊರಲ್ಲಿಲ್ಲ. ಮಗಳು ಕೋಲಾಟದಲ್ಲಿದ್ದಾಳೆ. ಹೋದ ವರ್ಷವೂ ಇದೇ ಆಗಿ ಕೊನೇ ಗಳಿಗೆಯಲ್ಲಿ ಬಿಡಿಸಬೇಕಾಯ್ತು. ಯಾರಾದ್ರೂ ಅವಳನ್ನ ಕರ್ಕೊಂಡು ಹೋಗಿ, ನಾನು ಬರೋವರೆಗೂ ಇಟ್ಕೊಳ್ಳೋಕೆ ಆಗುತ್ತಾ?

ನಾನು: ನಾನು ಬರ್ತೀನಿ. ಎರಡು ಗಂಟೆಗೆ ನಿಮ್ಮನೆ ಹತ್ತಿರ ಇರ್ತೀನಿ, ರಾತ್ರಿ ನಮ್ಮನೇಲೇ ಮಲಗಲಿ, ಭಾನುವಾರ ತಿಂಡಿಗೆ ನೀವೇ ಬನ್ನಿ. ಕಾರಲ್ಲಿ ಬೂಸ್ಟರ್ ಸೀಟ್ ಬೇಕಾ?

ಶೋಫೀಲ್ಡ್ಸ್‌ನಿಂದ: ಬೇಡ ಅಕ್ಕಾ, ಒಂಬತ್ತು ತುಂಬಿದೆ. ಮೊಸರನ್ನ ಕೊಟ್ಟು ಕಳಿಸ್ತೀನಿ, ಅಲ್ಲಿಯ ಖಾರ ತಿನ್ನಲ್ಲ.