ಹಳೇ ಅನಲಾಗ್ ಸ್ಕೋಪ್: ಗೆರಿ ನೆಟ್ಟಗ ನಿಲ್ಲವಲ್ದು

ಪ್ರಶ್ನೆ (ಹುಬ್ಬಳ್ಳಿ)
ಗುಜರಿಯಿಂದ 20 ಮೆಗಾಹರ್ಟ್ಸ್, ಎರಡು ಚಾನೆಲ್ಲಿನ ಸ್ಕೋಪ್ (ವೋಲ್ಟೇಜಿನ ಏರಿಳಿತ ಪರದೆ ಮ್ಯಾಲೆ ಗೆರಿಯಾಗಿ ತೋರಸೋ ಆಸಿಲೋಸ್ಕೋಪ್) ತಂದೇನ್ರಿ. ವರ್ಷಗಟ್ಟಲೆ ಕರೆಂಟ್ ಕಾಣದ್ದು. ಗೆರಿ ಬರತೈತಿ, ಆದ್ರ ಅಲೆ ಅಲೆ. ಪ್ರೋಬ್ ತಗದ್ರೂ ಹಂಗ. ಎಲ್ಲಾ ಕೆಪಾಸಿಟರ್ ಬದಲಿ ಮಾಡ್ಲೇನ್ರಿ?

ಉತ್ತರ (ಧಾರವಾಡ)
ಎಲ್ಲಾ ಬ್ಯಾಡ್ರಿ. ಮೊದಲ ಅಳೀರಿ. ಇನ್‌ಪುಟ್ ಸ್ವಿಚ್ ಗ್ರೌಂಡಿಗೆ, ಟ್ರಿಗರ್ (ಗೆರಿ ಯಾವಾಗ ಶುರು ಆಗಬೇಕು ಅನ್ನೋದು) ‘ಲೈನ್’ಗೆ, ಅಂದ್ರ ಮೇನ್ಸ್ ಕರೆಂಟಿಗೆ, ಟೈಮ್‌ಬೇಸ್ ಚೌಕಕ್ಕ 5 ಮಿಲಿಸೆಕೆಂಡಿಗೆ ಇಡ್ರಿ. ಮೇನ್ಸ್ ಕರೆಂಟಿನ ರಿಪಲ್ (ಡಿಸಿಯೊಳಗ ಉಳಿದ ಏರಿಳಿತ) ಆಗಿದ್ರ ಅಲೆ ಅಲ್ಲಾಡದ ನಿಲ್ಲತೈತಿ. ಒಂದು ಉಬ್ಬಿನಿಂದ ಇನ್ನೊಂದಕ್ಕ 2 ಚೌಕ ಇದ್ರ 10 ಮಿಲಿಸೆಕೆಂಡ್, ಅಂದ್ರ 100 ಹರ್ಟ್ಸ್: ಬ್ರಿಜ್ (ಎಸಿಯನ್ನ ಡಿಸಿ ಮಾಡೋ ನಾಕು ಡಯೋಡ್) ಸರಿ ಐತಿ, ಆ ಡಿಸಿಯ ಏರಿಳಿತ ತಗ್ಗಸೋ ಫಿಲ್ಟರ್ ಕೆಪಾಸಿಟರ್ ಮ್ಯಾಲೆ ಅನುಮಾನ. 4 ಚೌಕ ಇದ್ರ 50 ಹರ್ಟ್ಸ್, ಬ್ರಿಜ್‌ನ್ಯಾಗಿನ ಡಯೋಡ್ ಒಂದೊಂದ ನೋಡ್ರಿ.

ಆಮ್ಯಾಲೆ ರೆಗ್ಯುಲೇಟರಿನ (ವೋಲ್ಟೇಜ್ ಒಂದ ಮಟ್ಟದಾಗ ಹಿಡಿಯೋ ಭಾಗ) ಒಳಗ ಬರೋ ವೋಲ್ಟೇಜ್ ಅಳೀರಿ. 12 ವೋಲ್ಟ್ ಕೊಡೋ 7812 ಇದ್ರ ಅದಕ್ಕ 14.5 ವೋಲ್ಟ್ ಆದ್ರೂ ಬೇಕು. ರಿಪಲ್ಲಿನ ತಳ ಅದಕ್ಕಿಂತ ಕೆಳಗ ಇಳಿದ್ರ, ಇಳಿದಷ್ಟು ಹೊತ್ತು 12 ವೋಲ್ಟಿನ ಲೈನೂ ಕುಸೀತೈತಿ. ಅದ ನಿಮ್ಮ ಅಲೆ.

ಉತ್ತರ (ಗದಗ)
ಮುಚ್ಚಳ ತಗಿಯೋ ಮುಂಚೆ ಪ್ಲಗ್ ಕೀಳ್ರಿ. ಪರದೆಯ ಟ್ಯೂಬಿನ ಕಡೆ ಸುಮಾರು 2000 ವೋಲ್ಟ್ ಇರತೈತಿ, ಆಫ್ ಮಾಡಿದ್ಮ್ಯಾಲೂ ಉಳೀತೈತಿ. ಸಾದಾ ಮೀಟರ್ ಅಲ್ಲಿ ಹಚ್ಚಲೇ ಬ್ಯಾಡ್ರಿ. ಫಿಲ್ಟರ್ ಕೆಪಾಸಿಟರ್ ಖಾಲಿ ಮಾಡಾಕ 1 ಕಿಲೋ ಓಮ್, 5 ವ್ಯಾಟ್ ರೆಸಿಸ್ಟರ್ ಸಾಕು. ಸ್ಕ್ರೂಡ್ರೈವರಿನಿಂದ ಕಿಡಿ ಹಾರಸಬ್ಯಾಡ್ರಿ.

ರಿಪೇರಿ ಆದ್ಮ್ಯಾಲೆ ಮೊದಲ ಸಲ 100 ವ್ಯಾಟಿನ ಸೀರೀಸ್ ಬಲ್ಬ್ (ಸ್ಕೋಪಿಗೆ ಹೋಗೋ ಕರೆಂಟ್ ಅದರ ಮೂಲಕನ ಹಾಯೋ ಹಂಗ) ಹಚ್ಚಿ ಆನ್ ಮಾಡ್ರಿ. ಫಿಲಮೆಂಟಿಂದ ಬೇಕು, ಎಲ್‌ಇಡಿ ನಡಿಯಂಗಿಲ್ಲ. ಪೂರ್ತಿ ಉರದು ಹಂಗ ನಿಂತ್ರ ಶಾರ್ಟ್ ಐತಿ. ಬಲ್ಬ್ ಇದ್ದಾಗ ವೋಲ್ಟೇಜ್ ಅಳೀಬ್ಯಾಡ್ರಿ, ಕಡಿಮಿನ ತೋರಸ್ತೈತಿ. ಮೇನ್ಸ್ ಇನ್‌ಪುಟ್‌ನ್ಯಾಗ ಹಳದಿ, ಪಾರದರ್ಶಕ ಮೈಯ ಕೆಪಾಸಿಟರ್ ಬಿರುಕು ಬಿಟ್ಟಿದ್ರ, ಈಗ ಹೊಗಿ ಬರದಿದ್ರೂ ಬದಲಿಸ್ರಿ: ಅಷ್ಟ ಮೈಕ್ರೋಫ್ಯಾರಡ್‌ದು, 275 ವೋಲ್ಟ್ ಎಸಿ, ‘ಎಕ್ಸ್2’ (ಮೇನ್ಸಿಗೆ ನೇರ ಹಚ್ಚೋ ಸುರಕ್ಷತಾ ದರ್ಜೆ) ಅಂತ ಬರದದ್ದು.

ಪ್ರಶ್ನೆ ಕೇಳಿದವರು
2 ಚೌಕನ ಐತ್ರಿ. ಕೆಪಾಸಿಟರ್ ಮ್ಯಾಲೆ 2200 ಮೈಕ್ರೋಫ್ಯಾರಡ್, 25 ವೋಲ್ಟ್. 10,000 ಹಾಕಿದ್ರ ಇನ್ನೂ ಚಲೋ ಅಲ್ಲೇನ್ರಿ?

ಉತ್ತರ (ಧಾರವಾಡ)
ಅಲ್ರಿ. ದೊಡ್ಡದು ಹಾಕಿದ್ರ ಅದು ತುಂಬೋ ಕ್ಷಣದ ಕರೆಂಟ್ ಏರಿ ಬ್ರಿಜ್ಜೂ ಟ್ರಾನ್ಸ್‌ಫಾರ್ಮರೂ ಬಿಸಿ ಆಗ್ತಾವು. 2200 ಇಲ್ಲಾ 2700, 35 ವೋಲ್ಟ್, 105 ಡಿಗ್ರಿ ಕಾವು ತಾಳೋದು ತಗೋರಿ. ಪಟ್ಟಿ ಇರೋ ಕಡೆ ಮೈನಸ್. ಕಾಲಿನ ಅಂತರಾನೂ ಅಳಕೊಂಡು ಹೋಗ್ರಿ, ಎಳದು ಕೂಡ್ರಿಸಿದ್ರ ಬೋರ್ಡಿನ ತಾಮ್ರದ ಪಟ್ಟಿ ಏಳತೈತಿ.