ರೈಸ್ ಸಂಪುಟದಲ್ಲಿ ಚನ್ನಗಿರಿ ಶಾಸನ ಎಲ್ಲಿದೆ?

ಪ್ರಶ್ನೆ: ಚನ್ನಗಿರಿ ತಾಲ್ಲೂಕಿನ ಶಾಸನವೊಂದನ್ನು ಶಾಸನತಜ್ಞ ಬಿ.ಎಲ್. ರೈಸ್ ಓದಿದ್ದಾರಂತೆ. ಅವರ ಶಾಸನಸಂಪುಟಗಳ ಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ ಚಿತ್ರದುರ್ಗ ಸಂಪುಟದಲ್ಲಿ (11) ಸಿಗುತ್ತಿಲ್ಲ. ಚನ್ನಗಿರಿ ಈಗ ದಾವಣಗೆರೆ ಜಿಲ್ಲೆಯಲ್ಲಿದೆ, ದಾವಣಗೆರೆ ಹಿಂದೆ ಚಿತ್ರದುರ್ಗದಲ್ಲೇ ಇತ್ತಲ್ಲವೇ?

ಉತ್ತರ 1: ದಾವಣಗೆರೆ ಇತ್ತು, ಚನ್ನಗಿರಿ ಇರಲಿಲ್ಲ. ಚನ್ನಗಿರಿ, ಹೊನ್ನಾಳಿ 1997ರವರೆಗೂ ಶಿವಮೊಗ್ಗದವು. 7ನೇ ಸಂಪುಟ ನೋಡಿ. ಕ್ರಮಸಂಖ್ಯೆ ಪ್ರತಿ ತಾಲ್ಲೂಕಿಗೂ 1ರಿಂದ ಶುರುವಾಗುತ್ತದೆ. ಬರೀ ‘ಶಾಸನ 40’ ಎಂದು ಉಲ್ಲೇಖಿಸಿದರೆ ಯಾರಿಗೂ ತಲೆಬುಡ ಗೊತ್ತಾಗದು, ತಾಲ್ಲೂಕನ್ನೂ ಬರೆಯಿರಿ.

ಉತ್ತರ 2: ಶಾಸನ ಸಿಕ್ಕ ಮೇಲೆ ಅದರ ಕ್ರಿ.ಶ. ವರ್ಷ ತಿಳಿಯಲು ಅದರಲ್ಲಿರುವ ಶಕವರ್ಷಕ್ಕೆ 78 ಕೂಡಿಸಿ, ತಿಂಗಳು ಮಾಘ, ಫಾಲ್ಗುಣವಾದರೆ 79. ಸಂವತ್ಸರದ ಹೆಸರು ತಾಳೆಯಾಗದಿದ್ದರೆ ಒಂದು ವರ್ಷ ಹಿಂದೆಮುಂದೆ ನೋಡಿ. ಗತ (ಮುಗಿದ), ವರ್ತಮಾನ (ನಡೆಯುತ್ತಿರುವ) ವರ್ಷಗಳ ಗೊಂದಲ ಮಾಮೂಲು. ರೈಸರ ಅನುವಾದವನ್ನಷ್ಟೇ ನಂಬಬೇಡಿ, ಮೂಲಪಾಠವೂ ಅಲ್ಲೇ ಇದೆ.